ಟವೆಲ್ಲಿನ ಕೆಳಗಿನ ಮೂರು ಬೆರಳು

ಆಕೆ ಮೊದಲ ಸಲ ನನ್ನ ಕೈ ಹಿಡಿದಾಗ ಮುಂಬಯಿ ಪಕ್ಕದ ಕಲ್ಯಾಣದ ಭಾಜಿ ಮಾರ್ಕೆಟ್ಟಿನಲ್ಲಿ ಬೆಳಗಿನ ಆರೂವರೆ. ಸುತ್ತ ನೂರಾರು ಜನ ಇದ್ದರು. ಆದರೂ ಯಾರಿಗೂ ಏನೂ ಕಾಣಲಿಲ್ಲ, ಯಾಕೆಂದರೆ ನಮ್ಮ ಕೈಗಳ ಮೇಲೊಂದು ಟವೆಲ್ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ನೀವು ಬೇರೇನೋ ತಿಳಿದುಕೊಳ್ಳುತ್ತೀರಿ. 1986ರ ಮಳೆಗಾಲದ ಮಾತು. ನಾನು ಹಣಮಂತ್ರಾಯ, ಕಲಬುರಗಿ ಕಡೆಯವನು, ಕಲ್ಯಾಣದಲ್ಲೊಬ್ಬ ಸೇಠನ ಅಡತ್ ಅಂಗಡಿಯಲ್ಲಿ ದಿವಾಣಜಿಯಾಗಿದ್ದೆ. ಅಂದರೆ ರೈತರು ತಂದ ಸೊಪ್ಪನ್ನು ಮಾರಿಸಿಕೊಟ್ಟು ದಲಾಲಿ ಹಿಡಿಯುವ ಅಂಗಡಿಯ ಗುಮಾಸ್ತ. ಅಲ್ಲಿ ರೇಟನ್ನು ಬಾಯಿ ಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನು ಟವೆಲ್ಲಿನ ಕೆಳಗೆ ನನ್ನ ಕೈ ಹಿಡಿಯುತ್ತಿದ್ದ. ತೋರುಬೆರಳಿನಿಂದ ಲೆಕ್ಕ ಶುರು. ಒಂದು ಬೆರಳು ಹಿಡಿದರೆ ನೂರು ಕಟ್ಟಿಗೆ ಹತ್ತು ರೂಪಾಯಿ, ಎರಡು ಹಿಡಿದರೆ ಇಪ್ಪತ್ತು, ಪೂರಾ ಕೈ ಹಿಡಿದರೆ ಐವತ್ತು. ಪೂರಾ ಕೈ ಹಿಡಿದು, ಬಿಟ್ಟು, ಮತ್ತೆ ಮೂರು ಬೆರಳು ಹಿಡಿದರೆ ಎಂಬತ್ತು. ಆಮೇಲೆ ನಾನು ಅದೇ ಟವೆಲ್ಲಿನ ಕೆಳಗೆ ರೈತನ ಕೈ ಹಿಡಿದು ಅದೇ ರೇಟು ಒತ್ತಿ ತಿಳಿಸಬೇಕು. ಪಕ್ಕದ ಗಿರಾಕಿಗೆ ಗೊತ್ತಾಗಬಾರದು ಅಂತ ಈ ಏರ್ಪಾಡು.

ಬರುತ್ತಿದ್ದವರೆಲ್ಲ ಗಂಡಸರು. ನಮ್ಮ ಕಡೆಯವರೇ ಆದ ಮಾಪಣ್ಣ ಕಾಕಾ ಶಹಾಡ್ ಸ್ಟೇಶನ್ನಿನ ಆಚೆ, ಒಂದು ಕಾರ್ಖಾನೆಯ ಗೋಡೆಗೆ ಹೊಂದಿಕೊಂಡ ಆರು ಗುಂಟೆ ಭೂಮಿಯನ್ನು ಲೀಸಿಗೆ ಹಿಡಿದು ಕೊತ್ತಂಬರಿ ಬೆಳೆಯುತ್ತಿದ್ದರು. ಅವತ್ತು ಅವರ ಬದಲು ಅವರ ಮಗಳು ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಗೋಣಿಚೀಲವನ್ನು ಕೊಪ್ಪೆ ಮಾಡಿ ಹೊದ್ದಿದ್ದಳು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಪ್ಪನ ಕಾಲಿಗೆ ಮೊಳಿ ಚುಚ್ಚ್ಯಾದ. ಇನ್ನ ಮ್ಯಾಲ ನಾನೇ ಬರ್ತೀನಿ. ರೇಟ್ ಹೇಳ್ರಿ," ಎಂದಳು.

ಡೊಂಬಿವಲಿಯಲ್ಲಿ ಉಡುಪಿ ಹೋಟೆಲ್ ನಡೆಸುವ ಲೀಲಾಧರ ಆಗಷ್ಟೇ ನನ್ನ ಕೈಗೆ ಐವತ್ತು ಒತ್ತಿ ನಿಂತಿದ್ದ. ಬಾಯಿ ಬಿಟ್ಟು ಹೇಳಿದರೆ ಅವನಿಗೆ ಸಿಟ್ಟು. ಟವೆಲ್ಲಿನ ಕೆಳಗೆ ಹೆಣ್ಣುಮಗಳ ಕೈ ಹಿಡಿದರೆ ಹಮಾಲರಿಗೆಲ್ಲ ಹಬ್ಬ. ನಾನು ಮೂರ್ಖನಂತೆ ಟವೆಲ್ ಹಿಡಿದು ನಿಂತೆ.

ಆಕೆ ಟವೆಲ್ ನೋಡಿದಳು, ನನ್ನನ್ನು ನೋಡಿದಳು. ಬಲಗಡೆಯ ಹುಬ್ಬು ಚೂರೇ ಚೂರು ಮೇಲೆದ್ದಿತು. ತಾನೇ ಟವೆಲ್ಲಿನ ಅಂಚು ಎತ್ತಿ ಕೈ ಒಳಗೆ ಹಾಕಿ, "ಒತ್ತ್ರಿ. ನಿಂತ್ರ ಸೊಪ್ಪು ಬಾಡ್ತದ," ಎಂದಳು.

ಒದ್ದೆ ಕೈ, ಒರಟು ಕೈ. ನಾನು ಐದೂ ಬೆರಳು ಹಿಡಿದೆ. ಐವತ್ತು. ಅಲ್ಲಿಗೆ ಬಿಡಬೇಕಿತ್ತು. ಬಿಡುವಷ್ಟರಲ್ಲಿ ಆಕೆಯ ಕಿರುಬೆರಳು ನನ್ನ ಕೈಯಲ್ಲೇ ಉಳಿದುಬಿಟ್ಟಿತು. ಉಳಿಯಿತು ಅನ್ನುವುದು ನನ್ನ ಮಾತು. ನಾನೇ ಹಿಡಿದುಕೊಂಡಿದ್ದೆ.

"ಅರವತ್ತಾ?" ಎಂದಳು, ಗಟ್ಟಿಯಾಗಿ.

ಲೀಲಾಧರ ಹಾರಿಬಿದ್ದ. "ಅರವತ್ತಾ? ಎಂತದು ಮಾರಾಯ್ರೆ, ನಾನು ಕೊಟ್ಟದ್ದು ಐವತ್ತಲ್ವಾ?"

"ಐವತ್ತೇ, ಐವತ್ತೇ," ಎಂದೆ.

"ಮತ್ತ ಈ ಕಿರುಬೆರಳು ಯಾವ ಲೆಕ್ಕಕ್ಕ?"

ಹಮಾಲರು ಹೋ ಎಂದು ನಕ್ಕರು. ನನ್ನ ಕಿವಿ ಕಾದ ಹೆಂಚಿನಂತಾದವು. "ತಪ್ಪಿ ಸಿಕ್ತು," ಎಂದೆ.

"ನೋಡಿಕೊಂಡು ಹಿಡೀರಿ, ದಿವಾಣಜಿ," ಎಂದು ಸೆರಗನ್ನು ಬಾಯಿಗೆ ಅಡ್ಡ ತಂದಳು. ಸೆರಗಿನ ಹಿಂದೆ ನಗುತ್ತಿದ್ದಾಳೆ ಅಂತ ಕಣ್ಣಿನಲ್ಲೇ ಗೊತ್ತಾಯಿತು. ಆಕೆಯ ಹೆಸರು ಚಂದ್ರಬಾಯಿ.

ಅಲ್ಲಿಂದ ಬುಧವಾರ, ಶನಿವಾರ ಅನ್ನುವ ಎರಡೇ ವಾರಗಳು ನನ್ನ ಪಾಲಿಗೆ ಉಳಿದವು. ಬುಟ್ಟಿ ಇಳಿಸುತ್ತಿದ್ದಳು, ಟವೆಲ್ಲಿನ ಕೆಳಗೆ ಕೈ ಕೊಡುತ್ತಿದ್ದಳು. ನಾನು ರೇಟು ಒತ್ತಿ, ಕೊನೆಗೆ ಕಿರುಬೆರಳನ್ನು ಅರ್ಧ ಕ್ಷಣ ಹಿಡಿದು ಬಿಡುತ್ತಿದ್ದೆ. ಆಮೇಲೆ ಆಕೆ ಅದರ ಲೆಕ್ಕ ಕೇಳಲಿಲ್ಲ. ಹುಬ್ಬು ಮಾತ್ರ ಏಳುತ್ತಿತ್ತು. ಏಳದ ದಿನ ನನಗೆ ಮಧ್ಯಾಹ್ನದ ರೊಟ್ಟಿ ಸೇರುತ್ತಿರಲಿಲ್ಲ.

ಒಂದು ದಿನ ಆಕೆಯ ಉಗುರುಗಳು ನೀಲಿಯಾಗಿದ್ದವು. "ಇದೇನ್ರಿ, ಬಣ್ಣ ಆಡೀರಿ?" ಎಂದೆ.

"ಡೊಂಬಿವಲಿ ಎಂಐಡಿಸಿದಾಗ ಬಣ್ಣದ ಫ್ಯಾಕ್ಟರಿ ಅವಲ್ರಿ. ಅಲ್ಲಿನ ಪ್ಲಾಸ್ಟಿಕ್ ಚೀಲ ಗುಜರಿ ಅಂಗಡ್ಯಾಗ ಕಿಲೋದ ಮ್ಯಾಲ ಸಿಗ್ತಾವ. ಸೀಳಿ, ಮೂರು ಸಲ ತೊಳದು, ಹೊಲದು ಛತ್ತು ಮಾಡ್ತೀನಿ."

"ಮನಿಗೇನು?"

"ಕೊತ್ತಂಬ್ರಿಗ್ರಿ. ನಮ್ಮ ಮನಿ ಸೋರ್ತದ, ಅದು ಬ್ಯಾರೆ ಮಾತು."

ಮುಂದಿನ ಭಾನುವಾರ ಮಾಪಣ್ಣ ಕಾಕಾನ ಕಾಲು ನೋಡುವ ನೆಪ ಮಾಡಿ ಶಹಾಡಿಗೆ ಹೋದೆ. ಕಾಲು ನೋಡಲು ಎರಡು ನಿಮಿಷ ಸಾಕಾಯಿತು. ಉಳಿದ ಹೊತ್ತೆಲ್ಲ ಆ ಛತ್ತಿನ ಕೆಳಗೆ.

ಮೊಳಕಾಲೆತ್ತರಕ್ಕೆ ಏರಿಸಿದ ಮಡಿಗಳು. ಅವುಗಳ ಮೇಲೆ ಬಿದಿರ ಕಮಾನು. ಕಮಾನಿನ ಮೇಲೆ ನೀಲಿ, ಕೆಂಪು, ಹಳದಿ ಕಲೆಗಳ ಪ್ಲಾಸ್ಟಿಕ್ಕು. ಬಗ್ಗಿಕೊಂಡೇ ಒಳಗೆ ಹೋಗಬೇಕು. ಮಳೆ ಜೋರಾಯಿತು. ತಲೆಯ ಮೇಲೆ ಗೇಣುದ್ದದಲ್ಲಿ ಅದರ ಸದ್ದು, ಕೆಳಗೆ ಕೊತ್ತಂಬರಿಯ ವಾಸನೆ, ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು ಚಪ್ಪಲಿಯಿಂದ ಬೀಜ ಉಜ್ಜಿ ಎರಡು ಹೋಳು ಮಾಡುತ್ತಿದ್ದ ಆಕೆ. ಪ್ಲಾಸ್ಟಿಕ್ಕಿನ ಬಣ್ಣ ಕೆನ್ನೆಯ ಮೇಲೆ ಬಿದ್ದು ಒಂದು ಕಡೆ ಕೆಂಪಾಗಿ ಕಾಣುತ್ತಿತ್ತು. ನಾನು ನೋಡುತ್ತಲೇ ಕುಳಿತೆ.

"ಹಿಂಗ್ಯಾಕ ನೋಡ್ತೀರಿ? ಬೀಜ ಒಡೀಲಿಲ್ಲಂದ್ರ ಲಗೂನ ಹುಟ್ಟಂಗಿಲ್ಲ," ಎಂದಳು.

"ನಾ ಬೀಜ ನೋಡ್ಲಿಕತ್ತಿಲ್ಲ."

"ಗೊತ್ತದ. ಅದಕ್ಕೇ ಬೀಜದ ಮಾತು ಹೇಳಿದ್ದು." ಮತ್ತೆ ಅದೇ ಹುಬ್ಬು.

ನಾಚಿಕೆ ಮುಚ್ಚಿಕೊಳ್ಳಲು, ಇಷ್ಟೊಂದು ತ್ರಾಸು ಯಾಕೆ, ಚಳಿಗಾಲದಲ್ಲಿ ಆರಾಮಾಗಿ ಬೆಳೆಯಬಹುದಲ್ಲ ಅಂತ ಕೇಳಿದೆ. ಚಪ್ಪಲಿ ಪಕ್ಕಕ್ಕಿಟ್ಟು ಆಕೆ ನನ್ನ ಕಡೆ ತಿರುಗಿದಳು. ನನ್ನನ್ನು ಕಂಡಾಗ ಇರುತ್ತಿದ್ದ ಕೀಟಲೆ ಹೋಗಿ ಮುಖದಲ್ಲಿ ಬೇರೆಯೇ ಒಂದು ಬೆಳಕು ಬಂತು.

"ಚಳಿಗಾಲದಾಗ ಯಾರ್ ಬೇಕಾರ ಬೆಳೀತಾರ್ರಿ. ಎಲ್ಲಾರೂ ಒಂದೇ ದಿನ ತರ್ತಾರ. ನೂರು ಕಟ್ಟಿಗೆ ಹತ್ತು ರೂಪಾಯಿ ಹುಟ್ಟಂಗಿಲ್ಲ. ಆರು ಗುಂಟೆದವರು ಆ ರೇಟಿನಾಗ ಏನು ತಿನಬೇಕು? ಮಂದಿದು ಇಲ್ಲದಾಗ ನಮ್ಮದು ಬರಬೇಕು. ಆದ್ರ ಒಂದು ಮಾತದ. ಮಳ್ಯಾಗ ಮೂರು ಮಡಿ ಹಾಕಿದ್ರ ಎರಡು ಕೊಳೀತಾವ. ಉಳದ ಒಂದು ಮಡಿ, ಸತ್ತ ಎರಡು ಮಡಿದೂ ಖರ್ಚು ಎತ್ತಬೇಕು. ಅಂದ್ರ ಪೂರಾ ಸೀಜನಿಗೆ ಸರಾಸರಿ ಎಪ್ಪತ್ತರ ಮ್ಯಾಲ ಬೀಳಬೇಕು. ಆಗಸ್ಟನಾಗ ಎಂಬತ್ತು ಸಿಗ್ತದ, ನಾ ಲೆಕ್ಕ ಹಾಕೀನಿ."

"ಯಾರು ಕಲಿಸಿದ್ರು ಈ ಲೆಕ್ಕ?"

"ಹ್ವಾದ ವರ್ಷ ಕೊಳತದ್ದು. ಅಪ್ಪ ಬ್ಯಾಡಂತಿದ್ದ. ಈ ವರ್ಷ ನನ್ನ ಮಾತಿನ ಮ್ಯಾಲ ಬಿಟ್ಟಾನ."

ಇದನ್ನೆಲ್ಲ ನಾನು ನನ್ನ ಕಿವಿಯಿಂದಲೇ ಕೇಳಿದ್ದೆ. ಮುಂದೆ ಮಾಡಿದ್ದನ್ನು ತಿಳಿಯದೆ ಮಾಡಿದೆ ಅಂತ ಹೇಳಲು ನನಗೆ ದಾರಿಯಿಲ್ಲ.

ಆಗಸ್ಟಿನಲ್ಲಿ ಆಕಾಶ ಕಳಚಿ ಬಿದ್ದಂತೆ ಮಳೆ. ನಾಸಿಕದ ಕಡೆಯಿಂದ ಬರುವ ಸೊಪ್ಪು ದಾರಿಯಲ್ಲೇ ಕೊಳೆಯಿತು. ಚಂದ್ರಬಾಯಿಯ ಬುಟ್ಟಿಯಲ್ಲಿ ಮಾತ್ರ ನೂರೈವತ್ತು ಕಟ್ಟು, ಒಂದೆಲೆ ಹಳದಿ ಇಲ್ಲ. ಲೀಲಾಧರ ಟವೆಲ್ಲಿನ ಕೆಳಗೆ ನನ್ನ ಕೈ ಹಿಡಿದ, ಬಿಟ್ಟ, ಮತ್ತೆ ಮೂರು ಬೆರಳು ಹಿಡಿದ. ಎಂಬತ್ತು. ಆಕೆ ಹೇಳಿದ್ದಂತೆಯೇ.

ಆಕೆ ಪಕ್ಕದಲ್ಲಿ ನಡುಗುತ್ತಾ ನಿಂತಿದ್ದಳು. ಗೋಣಿ ಪೂರಾ ನೆನೆದು ಬೆನ್ನಿಗೆ ಅಂಟಿತ್ತು. ಮೂರು ದಿನದಿಂದ ನನ್ನ ತಲೆಯಲ್ಲಿ ಒಂದು ಛತ್ರಿ ಕೂತಿತ್ತು. ಸ್ಟೇಶನ್ ರೋಡಿನ ಅಂಗಡಿಯಲ್ಲಿ ನೇತು ಹಾಕಿದ್ದರು. ಬಟನ್ ಒತ್ತಿದರೆ ತೆರೆಯುವ, ಮಡಚುವ, ನೀಲಿ ಹೂವಿನ ಛತ್ರಿ. ಎಂಬತ್ತೈದು ರೂಪಾಯಿ. ನನ್ನ ಪಗಾರ ನಾಲ್ಕು ನೂರು, ಅದರಲ್ಲಿ ಅರ್ಧ ಊರಿಗೆ ಹೋಗುತ್ತಿತ್ತು.

ಆಕೆಯ ಕೈ ಹಿಡಿದೆ. ಐದು ಬೆರಳು. ಬಿಟ್ಟೆ. ಮತ್ತೆ ಮೂರು ಬೆರಳು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನೇರವಾಗಿ ಕಿರುಬೆರಳು ಹಿಡಿದೆ.

ಎಂಬತ್ತರ ಕನಸು ಹೊತ್ತು ಬಂದವಳು ಐವತ್ತು ಅಂತ ತಿಳಿದು ಒಂದು ಕ್ಷಣ ಸಪ್ಪಗಾದಳು. ಆಮೇಲೆ ಕಿರುಬೆರಳಿಗಾಗಿ ನಕ್ಕಳು. ಆ ನಗು ನೆನೆದರೆ ಇವತ್ತಿಗೂ ನನಗೆ ತಲೆ ಎತ್ತಲಾಗುವುದಿಲ್ಲ. ಕಳ್ಳತನ ಮಾಡಿದ್ದು ಒಂದು. ಅದನ್ನು ಪ್ರೀತಿಯಿಂದ ಮುಚ್ಚಿದ್ದು ಇನ್ನೊಂದು. ಸೇಠನಿಗೆ ಎಂಬತ್ತರ ಮೇಲೆ ಅವನ ದಲಾಲಿ ಪೂರಾ ಮುಟ್ಟಿಸಿದೆ, ಆದ್ದರಿಂದ ಯಾರಿಗೂ ಸುಳಿವು ಹತ್ತಲಿಲ್ಲ. ನಲವತ್ತೈದು ರೂಪಾಯಿ ನನ್ನ ಜೇಬಿನಲ್ಲಿ ಉಳಿಯಿತು. ಬುಧವಾರ ಮತ್ತೆ ನಲವತ್ತೈದು.

ಅವತ್ತೇ ಶಹಾಡ್ ಪ್ಲಾಟ್‌ಫಾರ್ಮಿನಲ್ಲಿ ಛತ್ರಿ ಕೊಟ್ಟೆ. ಆಕೆ ಬಟನ್ ಒತ್ತಿದಳು. ಛತ್ರಿ ಪಟ್ಟನೆ ತೆರೆದುಕೊಂಡದ್ದಕ್ಕೆ ಬೆಚ್ಚಿ ಹಿಂದೆ ಸರಿದು, ಮತ್ತೆ ಮುಚ್ಚಿ, ಮತ್ತೆ ಒತ್ತಿದಳು. ನಾಲ್ಕು ಸಲ ಹಾಗೆ ಮಾಡಿದಳು.

"ನಿಮ್ಮ ಪಗಾರದಾಗ ಇದು ಹ್ಯಾಂಗ ಬಂತು?" ಎಂದಳು.

"ಸೇಠ್ ಬೋನಸ್ ಕೊಟ್ಟಾನ."

"ನನಗಂತ ಇಲ್ಲೀತನಕ ಯಾರೂ ಏನೂ ಕೊಂಡಿಲ್ರಿ. ಅವ್ವ ಇದ್ದಾಗ ಬಳಿ ಕೊಡಸ್ತಿದ್ಲು, ಅಷ್ಟೇ." ಛತ್ರಿಯನ್ನು ನನ್ನ ತಲೆಯ ಮೇಲೂ ಬರುವಂತೆ ಓರೆ ಮಾಡಿದಳು. "ಬರ್ರಿ ಒಳಗ. ಅರ್ಧ ನಿಮ್ಮದು."

ಮಿಕ್ಕ ಐದು ರೂಪಾಯಿಯಲ್ಲಿ ಇಬ್ಬರೂ ವಡಾಪಾವ್ ತಿಂದು ಚಹಾ ಕುಡಿದೆವು. ಆಕೆ ನನಗೆ ಎರಡು ಸಲ ಥ್ಯಾಂಕ್ಸ್ ಹೇಳಿದಳು. ಪ್ರೀತಿಸಿದವಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾಳೆ, ನನಗೆ ಎಲ್ಲಾದರೂ ಓಡಿಹೋಗೋಣ ಅನ್ನಿಸುತ್ತಿದೆ.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಮೂರನೇ ಸಲ ಯಾಕೆ ಮಾಡಿದೆ ಅಂತ ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಒಂದು ಸೀರೆ ತರೋಣ ಅಂತ ಆಗ ಸಮಾಧಾನ ಹೇಳಿಕೊಂಡಿದ್ದೆ. ನಿಜ ಏನೆಂದರೆ ಕೈಗೆ ರೂಢಿಯಾಗಿತ್ತು. ಆ ನಲವತ್ತೈದು ರೂಪಾಯಿಯನ್ನು ಟ್ರಂಕಿನಲ್ಲಿ ಅಂಗಿಗಳ ಕೆಳಗೆ ಇಟ್ಟೆ, ಅದನ್ನು ಮುಟ್ಟಲು ಧೈರ್ಯವಾಗಲಿಲ್ಲ.

ಅದರ ಮುಂದಿನ ಸಲ ಆಕೆ ಛತ್ರಿ ಹಿಡಿದು ಮಾರ್ಕೆಟ್ಟಿಗೆ ಬಂದಳು. ಲೀಲಾಧರ ನೋಡಿದ. "ಓಹೋ, ನೀಲಿ ಛತ್ರಿ! ಇರ್ಲಿ ಇರ್ಲಿ. ನಿಮ್ಮ ಸೊಪ್ಪಿಗೆ ಚಿನ್ನದ ರೇಟು ಉಂಟಲ್ಲ, ಛತ್ರಿ ಎಂತ ದೊಡ್ಡದು."

"ಚಿನ್ನದ್ದಾ?" ಎಂದು ಆಕೆ ನಗುತ್ತಾ ತಿರುಗಿದಳು.

"ಲೀಲಾಧರ ಸೇಠ್ರೆ, ನಿಮ್ಮ ಟೊಮೆಟೊ ಬುಟ್ಟಿ ಅಲ್ಲಿ ನೆನೀಲಿಕತ್ತದ ನೋಡ್ರಿ," ಎಂದು ನಾನು ನಡುವೆ ಬಾಯಿ ಹಾಕಿದೆ. ಅವನು ಓಡಿದ. ಅವತ್ತು ಅವನು ಎಪ್ಪತ್ತು ಒತ್ತಿದ್ದ. ನಾನು ಎಪ್ಪತ್ತನ್ನೇ ಒತ್ತಿದೆ, ಬೆರಳಿಗೂ ಬೆರಳಿಗೂ ಬೆವರುತ್ತಾ. ಕಿರುಬೆರಳು ಹಿಡಿಯಲಿಲ್ಲ. ಆಕೆ ಅದನ್ನು ಗಮನಿಸಿದಳು.

ಸೆಪ್ಟೆಂಬರ್ ಮೊದಲ ವಾರ ಮಾಪಣ್ಣ ಕಾಕಾ ಹೇಳಿ ಕಳಿಸಿದರು. ಗಣಪತಿ ಹಬ್ಬಕ್ಕೆ ಇನ್ನು ನಾಲ್ಕು ದಿನ. ಹೋದೆ. ಕಾಲು ವಾಸಿಯಾಗಿತ್ತು. ನನಗೆ ಚಾಪೆ ಹಾಸಿದರು. ಚಂದ್ರಬಾಯಿ ಹೊರಗೆ, ಬಾಗಿಲಿಗೆ ಬೆನ್ನು ಮಾಡಿ, ಹರಿದ ಪ್ಲಾಸ್ಟಿಕ್ ಮಡಚುತ್ತಿದ್ದಳು.

"ಹಣಮಂತಾ, ಹೊಲ ಬಿಟ್ಟುಬಿಡ್ತೀವಿ," ಎಂದರು. "ಮಳಿಗಾಲದ ಕೊತ್ತಂಬ್ರಿ ನಮಗ ಪರವಡಂಗಿಲ್ಲ. ಏಳು ಮಡಿ ಕೊಳತ್ವು. ಉಳದದ್ದು ಹೆಚ್ಚಿಂದು ಐವತ್ತಕ್ಕ ಹೋತು. ಬಿದಿರಿನ ರೊಕ್ಕನೂ ಹುಟ್ಟಲಿಲ್ಲ. ಕಳಂಬೋಲಿದಾಗ ಕಬ್ಬಣದ ಮಾರ್ಕೆಟ್ ಆಗ್ಯಾದ, ನಾ ಅಲ್ಲಿ ಲೋಡಿಂಗಿಗೆ ಹೋಗ್ತೀನಿ. ಅಲ್ಲಿ ಹುಡುಗೀನ ಇಟ್ಕೊಳ್ಳಾಕ ಜಾಗ ಇಲ್ಲ. ನೀ ನಮ್ಮವ. ಆಕಿಗೆ ಛತ್ರಿ ಕೊಡಿಸೀದಿ, ನನಗ ತಿಳೀಲಾರದೇನು? ನೀ ಹ್ಞೂಂ ಅಂದ್ರ ದೀಪಾವಳಿಗೆ ಅಕ್ಕಿಕಾಳು ಹಾಕಿಬಿಡ್ತೀನಿ."

ಮೂರು ತಿಂಗಳಿಂದ ನಾನು ಕಂಡ ಕನಸು ತಾನಾಗಿ ಚಾಪೆಯ ಮೇಲೆ ಬಂದು ಕುಳಿತಿತ್ತು. ಸುಮ್ಮನೆ ಒಂದು "ಹ್ಞೂಂ" ಅಂದರೆ ಮುಗಿಯಿತು. ಯಾರೂ ಏನೂ ಕೇಳುತ್ತಿರಲಿಲ್ಲ. ಹೊಲ ಹೋಗುತ್ತಿತ್ತು, ಹೊಲದ ಜೊತೆ ಲೆಕ್ಕವೂ ಹೋಗುತ್ತಿತ್ತು, ಆಕೆ ನನ್ನವಳಾಗುತ್ತಿದ್ದಳು. ನಿಜ ಹೇಳಿದರೆ ಹೊಲ ಉಳಿಯುತ್ತಿತ್ತು, ಆಕೆ ಉಳಿಯುತ್ತಿರಲಿಲ್ಲ. ನಾನು ಹ್ಞೂಂ ಅನ್ನಲಿಲ್ಲ, ಹ್ಞೂಂಹೂಂ ಅನ್ನಲೂ ಇಲ್ಲ. "ಎರಡು ದಿನ ತಡೀರಿ ಕಾಕಾ," ಎಂದು ಎದ್ದೆ.

ಸ್ಟೇಶನ್ ದಾರಿಯವರೆಗೆ ಚಂದ್ರಬಾಯಿ ಜೊತೆಗೆ ಬಂದಳು. ಮಳೆ ಇರಲಿಲ್ಲ. ಆದರೂ ಛತ್ರಿ ಕಂಕುಳಲ್ಲಿತ್ತು. ಮದುವೆಯ ಮಾತಿಗೆ ನಾಚಿದ್ದಾಳೆ ಅಂತ ನಾನು ತಿಳಿದಿದ್ದೆ. ನೋಡಿದರೆ ಕಣ್ಣು ಕೆಂಪಾಗಿದ್ದವು.

"ನಿಮ್ಮ ಸಂಗಟ ಬರಾಕ ನನಗ ದುಃಖ ಇಲ್ರಿ. ಬ್ಯಾರೆ ಏನರ ತಿಳಕೋಬ್ಯಾಡ್ರಿ," ಎಂದಳು. "ಆದ್ರ ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ತಿಳೀವಲ್ದು. ರಾತ್ರಿಯೆಲ್ಲಾ ಎಣಿಸೀನಿ. ಎಂಬತ್ತು ಬರಬೇಕಿತ್ತು. ಅಪ್ಪಗ ಎದಿ ತಟ್ಟಿ ಹೇಳಿದ್ದೆ. ಈಗ ಅವನ ಮುಂದ ಊಟಕ್ಕ ಕೂಡಾಕ ನಾಚಿಕಿ ಆಗ್ತದ."

ನನ್ನ ನಾಚಿಕೆಯನ್ನು ಆಕೆ ಹೊತ್ತು ತಿರುಗುತ್ತಿದ್ದಳು. ಕದ್ದವನು ನಾನು, ತಲೆ ತಗ್ಗಿಸಿದವಳು ಆಕೆ. ಅಲ್ಲೇ ಹೇಳಬೇಕೆಂದು ಬಾಯಿ ತೆರೆದೆ. "ಶನಿವಾರ ಮಾಲು ತರ್ತೀರಲ್ಲ?" ಎಂದಷ್ಟೇ ಕೇಳಿದೆ.

"ಕಡೀ ಮಡಿ. ತರ್ತೀನಿ," ಎಂದಳು.

ಶನಿವಾರ ಮಾರ್ಕೆಟ್ಟಿನಲ್ಲಿ ಹಬ್ಬದ ನೂಕುನುಗ್ಗಲು. ಚೆಂಡುಹೂವಿನ ಚೀಲಗಳ ನಡುವೆ ಆಕೆ ಬುಟ್ಟಿ ಇಳಿಸಿದಳು. ಲೀಲಾಧರ ಎಪ್ಪತ್ತು ಒತ್ತಿ ಬಾಳೆ ಎಲೆ ಕೊಳ್ಳಲು ಹೋದ. ನಾನು ಟವೆಲ್ ಹಾಸಿದೆ. ಆಕೆ ಕೈ ಕೊಟ್ಟಳು.

ಐದು ಬೆರಳು ಹಿಡಿದೆ. ಬಿಟ್ಟೆ. ಮೂರು ಹಿಡಿದೆ.

"ಎಂಬತ್ತಾ! ಇವತ್ತು ಎಂಬತ್ತಾ?" ಎಂದಳು. ಮುಖ ಅರಳಿತು.

"ಇವತ್ತಿಂದಲ್ಲ. ಇವತ್ತಿಂದು ಎಪ್ಪತ್ತು," ಎಂದೆ. "ಇದು ಆಗಸ್ಟ್ ತಿಂಗಳ ಮೊದಲನೇ ಶನಿವಾರದ್ದು."

ಆಕೆಗೆ ತಿಳಿಯಲಿಲ್ಲ. ನಾನು ಮತ್ತೆ ಹಿಡಿದೆ. ಐದು, ಮೂರು. "ಇದು ಆ ಬುಧವಾರದ್ದು." ಮತ್ತೆ ಐದು, ಮೂರು. "ಇದು ಅದರ ಮುಂದಿನ ಶನಿವಾರದ್ದು. ಲೀಲಾಧರ ಮೂರೂ ಸಲ ಎಂಬತ್ತು ಕೊಟ್ಟಾನ. ನಾ ನಿಮಗ ಐವತ್ತು ಅಂತ ಒತ್ತೀನಿ. ನಿಮ್ಮ ಲೆಕ್ಕ ತಪ್ಪಿಲ್ಲ ಚಂದ್ರಬಾಯಿ. ನಾ ತಪ್ಪಿಸೀನಿ."

ಆಕೆಯ ಕೈ ನನ್ನ ಕೈಯಲ್ಲೇ ಇತ್ತು. ಅದು ಮೆಲ್ಲಗೆ ತಣ್ಣಗಾದದ್ದು ನನಗೆ ಗೊತ್ತಾಯಿತು. ನನ್ನ ಮುಖ ನೋಡುತ್ತಿರಲಿಲ್ಲ. ಬುಟ್ಟಿಯ ಪಕ್ಕಕ್ಕೆ ಒರಗಿಸಿದ್ದ ಛತ್ರಿಯನ್ನು ನೋಡುತ್ತಿದ್ದಳು.

"ಇದು?" ಎಂದಳು.

"ಅದರಾಗಿಂದೇ."

"ವಡಾಪಾವ್?"

"ಅದೂ."

ಕೈ ಎಳೆದುಕೊಂಡಳು. ಟವೆಲ್ ಕೆಸರಿಗೆ ಬಿತ್ತು. ಛತ್ರಿಯನ್ನು ಎತ್ತಿಕೊಂಡಳು. ನನ್ನ ಮುಖಕ್ಕೆ ಎಸೆಯುತ್ತಾಳೆ ಅಂದುಕೊಂಡೆ. ಎಸೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಕೆ ಅದನ್ನು ಎದೆಗೆ ಅಪ್ಪಿ ಹಿಡಿದಳು.

"ಇದನ್ನ ವಾಪಸ್ ಕೊಡಂಗಿಲ್ಲ. ಇದು ನನ್ನ ಕೊತ್ತಂಬ್ರಿದು. ನನ್ನ ರೊಕ್ಕಕ್ಕ ನಾನೇ ನಿಮಗ ಥ್ಯಾಂಕ್ಸ್ ಹೇಳೀನಲ್ಲ!" ಎಂದಳು. ಕೊನೆಯ ಮಾತಿಗೆ ಧ್ವನಿ ಒಡೆಯಿತು. ಆಮೇಲೆ ಮೂಗು ಒರೆಸಿಕೊಂಡು, "ಮೂರನೇ ಸಲದ್ದು ಎಲ್ಲಿ ಅದ?" ಎಂದಳು.

ಜೇಬಿನಲ್ಲೇ ಇತ್ತು. ಕೊಟ್ಟೆ. ಎಣಿಸಿ, ಸೆರಗಿನ ತುದಿಗೆ ಗಂಟು ಹಾಕಿದಳು.

"ಅಪ್ಪಗ ನೀವೇ ಬಂದು ಹೇಳಬೇಕು. ನಾ ಹೇಳಂಗಿಲ್ಲ. ಇನ್ನ ಮ್ಯಾಲ ನನ್ನ ಮಾಲಿಗೆ ಟವೆಲ್ ಬ್ಯಾಡ. ರೇಟ್ ಬಾಯಿಲೆ ಹೇಳ್ರಿ, ಎಲ್ಲಾರಿಗೂ ಕೇಳೂಹಂಗ."

"ಬ್ಯಾರೆ ಅಂಗಡಿಗೆ ಹೋಗ್ತೀರಿ ಅಂದ್ಕೊಂಡಿದ್ದೆ."

"ಬ್ಯಾರೆಯವರ ಕೈ ನನಗ ಗೊತ್ತಿಲ್ಲ. ನಿಮ್ಮ ಕೈ ಎಂಥಾದ್ದಂತ ಈಗ ಗೊತ್ತಾಗ್ಯಾದ."

ಎಪ್ಪತ್ತು ಎಂದು ಕೂಗಿ ಹೇಳಿದೆ. ಇಡೀ ಕಟ್ಟೆ ತಿರುಗಿ ನೋಡಿತು. ಬಾಳೆ ಎಲೆಯ ಸಂದಿಯಿಂದ ಲೀಲಾಧರ, "ಎಂತ ಮಾರಾಯ್ರೆ, ಊರಿಗೆಲ್ಲ ಹೇಳುದಾ?" ಎಂದು ಬೈದ. ಆಕೆ ಹಣ ತೆಗೆದುಕೊಂಡು ಹಿಂದೆ ನೋಡದೆ ಹೋದಳು.

ಮರುದಿನ ಶಹಾಡಿಗೆ ಹೋಗಿ ಮಾಪಣ್ಣ ಕಾಕಾನಿಗೆ ಎಲ್ಲ ಹೇಳಿದೆ. ಬಡಿಯುತ್ತಾರೆ ಅಂತ ತಯಾರಾಗಿಯೇ ಹೋಗಿದ್ದೆ. ಅವರು ಬಡಿಯಲಿಲ್ಲ. ನನಗೆ ಎರಡೂ ಕೈ ಜೋಡಿಸಿದರು. "ನಮ್ಮವ ಅಂತ ನಿನ್ನ ಅಂಗಡಿಗೆ ಬರ್ತಿದ್ದೆನಪಾ," ಎಂದು ಒಳಗೆ ಹೋದರು. ಚಾಪೆ ಹಾಸಲಿಲ್ಲ. ಆಕೆ ಮಡಿಯ ಹತ್ತಿರ ನಿಂತು ಬಿದಿರು ನೆಡುತ್ತಿದ್ದಳು. ಮಡಚಿಟ್ಟಿದ್ದ ಪ್ಲಾಸ್ಟಿಕ್ಕನ್ನು ಮತ್ತೆ ಬಿಚ್ಚಿದ್ದಳು. ಹೊಲ ಉಳಿದಿತ್ತು.

ಚಳಿಗಾಲದಲ್ಲಿ ಆಕೆ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಡಿಸೆಂಬರಿನಲ್ಲಿ ಕೊತ್ತಂಬರಿ ಹಸುಗಳ ಪಾಲಾಗುತ್ತಿತ್ತು. ದುಂಡು ದುಂಡು ಕಟ್ಟುಗಳನ್ನು ನೂರಕ್ಕೆ ಎಂಟು ರೂಪಾಯಿಗೂ ಕೇಳುವವರಿರಲಿಲ್ಲ. ಎಲ್ಲರ ಬಳಿಯೂ ಇದ್ದಾಗ ಯಾವುದಕ್ಕೂ ಬೆಲೆ ಇರುವುದಿಲ್ಲ ಅಂತ ಆಕೆ ಹೇಳಿದ್ದು ನೆನಪಾಗುತ್ತಿತ್ತು. ನನ್ನ ಬಳಿ ಏನೂ ಇರಲಿಲ್ಲ. ಉಳಿದ ರೈತರ ಕೈಗೆ ಟವೆಲ್ಲಿನ ಕೆಳಗೆ ಬೆರಳು ಒತ್ತುವಾಗ ಒಂದೊಂದನ್ನೂ ಎರಡೆರಡು ಸಲ ಒತ್ತುತ್ತಿದ್ದೆ. "ದಿವಾಣಜಿ, ಬೆರಳು ಮುರೀತೀರೇನು?" ಎಂದು ಅವರು ನಗುತ್ತಿದ್ದರು. ಊ‌ರಿನಿಂದ ಎರಡು ಸಂಬಂಧ ಬಂದವು. ಬೇಡ ಅಂತ ಕಾಗದ ಬರೆದೆ. ಕಾರಣ ಬರೆಯಲಿಲ್ಲ.

ಮುಂದಿನ ವರ್ಷದ ಮಳೆ ತಡವಾಗಿ ಬಂತು. ಜುಲೈ ಮೂರನೇ ವಾರದ ಒಂದು ಬುಧವಾರ, ಹಮಾಲರ ತಲೆಗಳ ಮೇಲೆ ನೀಲಿ ಹೂವಿನ ಒಂದು ಛತ್ರಿ ತೇಲಿ ಬಂದದ್ದನ್ನು ಕಂಡೆ. ಒಂದು ಕಡ್ಡಿ ಮುರಿದಿತ್ತು. ಅದಕ್ಕೆ ಬಿದಿರ ಸೀಳು ಕಟ್ಟಿದ್ದಳು.

ಬುಟ್ಟಿ ಇಳಿಸಿದಳು. ಅಲ್ಲಿಂದ ಆಗಸ್ಟ್ ಕೊನೆಯವರೆಗೆ ಹದಿಮೂರು ಸಲ ಬಂದಳು. ಹದಿಮೂರು ಸಲವೂ ನಾನು ಅವಳ ರೇಟನ್ನು ಗಂಟಲು ಹರಿಯುವಂತೆ ಕೂಗಿದೆ. ಆಕೆ "ಕೇಳಿಸ್ತು" ಅನ್ನುತ್ತಿದ್ದಳು, ಹಣ ಎಣಿಸುತ್ತಿದ್ದಳು, ಹೋಗುತ್ತಿದ್ದಳು. ಹುಬ್ಬು ಒಂದು ಸಲವೂ ಏಳಲಿಲ್ಲ. ಕೈ ಮುಟ್ಟುವ ಮಾತಂತೂ ಇರಲೇ ಇಲ್ಲ. ಇಷ್ಟು ಹತ್ತಿರ ಬಂದು ಇಷ್ಟು ದೂರ ನಿಲ್ಲಬಹುದು ಅಂತ ನನಗೆ ಗೊತ್ತಿರಲಿಲ್ಲ. ನನಗೆ ತಕ್ಕದ್ದೇ ಅಂತ ಸುಮ್ಮನಿದ್ದೆ.

ಆ ಮಳೆಗಾಲದ ಕೊನೆಯ ಮಾಲು ತಂದ ದಿನ ಲೀಲಾಧರ ತೊಂಬತ್ತು ಕೊಟ್ಟ. "ತೊಂಬತ್ತು!" ಎಂದು ಕೂಗಿದೆ.

ಆಕೆ ಹಣ ಎಣಿಸಿ ಗಂಟು ಹಾಕಿಕೊಂಡಳು. ಹೋಗಲಿಲ್ಲ. "ಈ ವರ್ಷದ ಸರಾಸರಿ ಎಪ್ಪತ್ತಾರು ಬಿತ್ತು," ಎಂದಳು. "ಸತ್ತ ಮಡಿದೆಲ್ಲಾ ಎತ್ತೇದ. ಅಪ್ಪ ಇನ್ನೂ ನಾಕು ಗುಂಟೆ ಹಿಡಿತಾನಂತ."

"ನಿಮ್ಮ ಲೆಕ್ಕ ಖರೆ ಇತ್ತು," ಎಂದೆ.

"ಕೈ ಚಾಚ್ರಿ."

ನಾನು ಅಭ್ಯಾಸದಂತೆ ಹೆಗಲ ಮೇಲಿನ ಟವೆಲ್ ತೆಗೆಯಹೋದೆ. "ಅದು ಬ್ಯಾಡಂದೀನಲ್ಲ," ಎಂದಳು.

ಎಲ್ಲರ ಎದುರಿಗೆ ಬರಿಗೈ ಚಾಚಿದೆ. ಹಮಾಲರು ಚೀಲ ಹೊತ್ತಲ್ಲೇ ನಿಂತರು. ಲೀಲಾಧರನ ಬಾಯಿಯ ಎಲೆಯಡಿಕೆ ನಿಂತಿತು. ಚಂದ್ರಬಾಯಿ ನನ್ನ ಐದೂ ಬೆರಳು ಹಿಡಿದಳು. ಬಿಟ್ಟಳು. ಆಮೇಲೆ ಮೂರು ಬೆರಳನ್ನು ಹಿಡಿದು, ಮೂಳೆ ನೋಯುವಷ್ಟು ಒತ್ತಿದಳು. ಯಾವ ಮೂರು ಅಂತ ನನಗೆ ಗೊತ್ತಿತ್ತು. ನನ್ನ ತಲೆ ತಗ್ಗಿತು.

"ಮ್ಯಾಲ ನೋಡ್ರಿ," ಎಂದಳು.

ನೋಡಿದೆ. ಆಕೆಯ ಕಣ್ಣು ತುಂಬಿದ್ದವು. ಬಲಗಡೆಯ ಹುಬ್ಬು ಮೇಲೆದ್ದಿತ್ತು. ನನ್ನ ಕಿರುಬೆರಳು ಆಕೆಯ ನೀಲಿ ಉಗುರಿನ ಬೆರಳುಗಳ ನಡುವೆ ಇತ್ತು.

"ಇದು ಯಾವ ಲೆಕ್ಕಕ್ಕ ಅಂತ ಹ್ವಾದ ವರ್ಷ ಕೇಳಿದ್ದೆ. ತಪ್ಪಿ ಸಿಕ್ತು ಅಂದಿದ್ರಿ. ಈಗರೆ ಖರೆ ಹೇಳ್ರಿ. ಬಾಯಿಲೆ."

"ಇಲ್ಲೇ ಏನು?" ಎಂದೆ.

"ಇಲ್ಲೇ. ರೇಟ್ ಕೂಗಿದಂಗ. ಮುಚ್ಚಿಟ್ಟಿದ್ದು ನನಗ ಬ್ಯಾಡ."

ನಾನು ಉಸಿರು ಎಳೆದುಕೊಂಡೆ. "ಅದು ತಪ್ಪಿ ಸಿಕ್ಕಿದ್ದಲ್ಲ! ನಾನೇ ಹಿಡದದ್ದು! ನಿನ್ನ ಮ್ಯಾಲ ನನ್ನ ಜೀವ ಅದ, ಚಂದ್ರಾ!" ಎಂದು ಕೂಗಿದೆ. ನನ್ನ ಧ್ವನಿ ತಗಡಿನ ಛಾವಣಿಗೆ ಬಡಿದು ವಾಪಸ್ ಬಂತು. ಬಟಾಟೆ ಕಟ್ಟೆಯವರೆಗೂ ಕೇಳಿಸಿರಬೇಕು. ಯಾರೋ ಸಿಳ್ಳೆ ಹಾಕಿದರು. ಲೀಲಾಧರ, "ಆಯ್ತಪ್ಪ, ವ್ಯಾಪಾರ ಆಯ್ತು!" ಎಂದು ಚಪ್ಪಾಳೆ ತಟ್ಟಿದ.

ನನ್ನ ಕಿವಿ ಸುಡುತ್ತಿದ್ದವು. ಆದರೆ ಒಂದು ವರ್ಷದಲ್ಲಿ ಮೊದಲ ಸಲ ನಾನು ಆಕೆಯ ಮುಖವನ್ನು ನೇರವಾಗಿ ನೋಡಿದೆ. ಆಕೆ ಕಿರುಬೆರಳು ಬಿಡಲಿಲ್ಲ.

"ಕೇಳಿಸ್ತು," ಎಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಇನ್ನೊಂದು ಕೈಯಲ್ಲಿ ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. "ಮೊದಲ ಲೀಲಾಧರ ಸೇಠರ ಕಟ್ಟು ಎಣಿಸಿ ಕೊಡ್ರಿ. ನಾನೂ ಎಣಸ್ತೀನಿ."